ಮೊಣಕಾಲು ನೋವಿನ ಹಿರಿಯರನ್ನು ಗೊವೆಟ್ಸ್ ಲೀಪ್ ಅಂಚಿಗೆ ನಡೆಸಿದ್ದು

ಊರಿಂದ ಅಪ್ಪ ಅಮ್ಮ ಸಿಡ್ನಿಗೆ ಬಂದರೆ ಊರ ಪಶ್ಚಿಮದ ಬ್ಲೂ ಮೌಂಟನ್ಸ್ ಬೆಟ್ಟಗಳೆಂದರೆ ಕಟೂಂಬಾದ ಎಕೋ ಪಾಯಿಂಟ್, ತ್ರೀ ಸಿಸ್ಟರ್ಸ್ ಬಂಡೆಗಳ ಎದುರು ಒಂದು ಫೋಟೋ, ವಾಪಸ್ ಮನೆ. ವೆಂಟ್‌ವರ್ತ್‌ವಿಲ್, ವೆಸ್ಟ್‌ಮೀಡ್ ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ಇದೇ ರೂಢಿ. ಎಪ್ಪತ್ತರ ಆಸುಪಾಸಿನವರನ್ನು ಕಾಡಿನ ದಾರಿಯಲ್ಲಿ ನಡೆಸಿ ಅದೇ ಬೆಟ್ಟಗಳ ಬ್ಲ್ಯಾಕ್‌ಹೀತ್ ಊರಿನ ಗೊವೆಟ್ಸ್ ಲೀಪ್ ಎಂಬ ಪ್ರಪಾತದ ಅಂಚಿಗೆ ಕರೆದುಕೊಂಡು ಹೋಗುತ್ತೇನೆ, ಅದೂ ಜುಲೈ ಚಳಿಯಲ್ಲಿ, ಅದೂ ಊಟದ ಹೊತ್ತು ಕಳೆದ ಮೇಲೆ ಎಂದಾಗ ಗೆಳೆಯರೆಲ್ಲ ತಲೆ ಅಲ್ಲಾಡಿಸಿದರು. ಹೋದ ಚಳಿಗಾಲ ಆರೇಳು ಹಿರಿಯರು ನಡೆದರು. ಕಣಿವೆ ತಳದವರೆಗೂ ಕಂಡಿತು. ಆಗ ಬೇಡ ಎಂದಿದ್ದವರೇ ಈಗ ತಮ್ಮ ಅತ್ತೆ ಮಾವ ಬರುವ ತಿಂಗಳು ಹೇಳಿ ದಿನ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲಿನ ಪ್ರಯತ್ನಗಳೆಲ್ಲ ಬೇಸಿಗೆಯವು. ಚಳಿ ಇರುವುದಿಲ್ಲ, ಹಗಲು ಉದ್ದ ಎಂಬ ಲೆಕ್ಕ. ಎಂಟು ಜನ ಕೂರುವ ಬಾಡಿಗೆ ವ್ಯಾನಿಗೆ ಪೆಟ್ರೋಲೂ ಸೇರಿ ಇನ್ನೂರೈವತ್ತು ಡಾಲರ್ ಹತ್ತಿರ ಹೋಯಿತು. ಬ್ಲ್ಯಾಕ್‌ಹೀತ್ ತಲುಪಿ ಕಟಕಟೆ ಹಿಡಿದು ನಿಂತರೆ ಎದುರಿಗೆ ಬರೀ ಬಿಳಿ ಮಂಜು. ನೂರೆಂಬತ್ತು ಮೀಟರ್ ಧುಮುಕುವ ಬ್ರೈಡಲ್ ವೇಲ್ ಜಲಪಾತ ಪಕ್ಕದಲ್ಲೇ ಇದೆ ಎಂದು ನಾನು ಹೇಳಬೇಕಾಯಿತು, ನೋಡಲಿಕ್ಕೆ ಏನೂ ಇರಲಿಲ್ಲ. ಇನ್ನೊಮ್ಮೆ ಹೋದಾಗಲೂ ಅದೇ ಪಾಡು. ವ್ಯಾನಿನ ದುಡ್ಡು ಹೋಯಿತು, ಹಿರಿಯರ ಉತ್ಸಾಹವೂ ಹೋಯಿತು.

ದಾರಿ ತೋರಿಸಿದ್ದು ತೀರ್ಥಹಳ್ಳಿ ಕಡೆಯ ನಮ್ಮಪ್ಪ. "ಆಗುಂಬೆಗೆ ಮಂಜು ತರೋದು ಪಡುವಣ ಗಾಳಿ, ಕಡಲು ಆ ಕಡೆ ಇದೆ. ಇಲ್ಲಿ ಕಡಲು ಯಾವ ಕಡೆ?" ಎಂದು ಕೇಳಿದರು. ಇಲ್ಲಿ ಕಡಲು ಮೂಡಣಕ್ಕೆ. ಅಲ್ಲಿಂದ ಬರುವ ಒದ್ದೆ ಗಾಳಿ ಸಾವಿರ ಮೀಟರ್ ಮೇಲಿರುವ ಬ್ಲ್ಯಾಕ್‌ಹೀತ್‌ಗೆ ಏರುತ್ತ ತಣ್ಣಗಾಗಿ ಮಂಜಾಗುತ್ತದೆ. ಪಶ್ಚಿಮದ ಗಾಳಿ ಒಳನಾಡಿನಿಂದ ಒಣಗಿಯೇ ಬರುತ್ತದೆ. ಆ ಗಾಳಿ ಹೆಚ್ಚಾಗಿ ಸಿಗುವುದು ಚಳಿಗಾಲದಲ್ಲಿ. ಅಲ್ಲಿಗೆ ಬೇಸಿಗೆಯನ್ನು ಕೈಬಿಟ್ಟೆ.

ಆಮೇಲೆ ನೋಡತೊಡಗಿದ್ದು ಬ್ಲ್ಯಾಕ್‌ಹೀತ್ ಪಕ್ಕದ ಮೌಂಟ್ ಬಾಯ್ಸ್ ಹವಾಮಾನ ಕೇಂದ್ರದ ಅಂಕಿಗಳನ್ನು. ಮುನ್ಸೂಚನೆಯಲ್ಲಿ ಸೂರ್ಯನ ಚಿತ್ರ ಇದೆಯೇ ಎಂಬುದು ನನಗೆ ಬೇಡ. ಉಷ್ಣಾಂಶಕ್ಕೂ ಡ್ಯೂ ಪಾಯಿಂಟಿಗೂ (ಗಾಳಿಯ ತೇವ ಮಂಜಾಗತೊಡಗುವ ಉಷ್ಣಾಂಶ) ಐದಾರು ಡಿಗ್ರಿ ಅಂತರ ಇದ್ದು ಗಾಳಿ ಪಶ್ಚಿಮದ್ದಾಗಿದ್ದರೆ ಹೊರಡುವುದು. ಅಂತರ ಒಂದೆರಡಕ್ಕೆ ಇಳಿದಿದ್ದರೆ ಮನೆಯಲ್ಲೇ ಬಜ್ಜಿ ಕರಿಯುವುದು. ಗಾಳಿ ಗಂಟೆಗೆ ನಲವತ್ತು ಕಿ.ಮೀ. ದಾಟಿದರೂ ಬೇಡ, ನೀಲಗಿರಿ ಜಾತಿಯ ಗಮ್ ಮರಗಳು ಕೊಂಬೆ ಉದುರಿಸುತ್ತವೆ. ಹಿಂದಿನ ರಾತ್ರಿಯೇ ನೋಡುವ ಇನ್ನೊಂದು ಅಂಕಿ ಇದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಇನ್ನೊಂದು ಚಳಿಗಾಲ ಪರೀಕ್ಷಿಸಬೇಕು.

ಮಧ್ಯಾಹ್ನವೇ ಏಕೆ ಎಂದರೆ, ಬೆಳಿಗ್ಗೆ ಅಲ್ಲಿ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಎರಡು ಗಂಟೆಯ ಮೇಲೆ ಬೆಳಕು ನಮ್ಮ ಬೆನ್ನಿಗೆ ಬಂದು, ಗ್ರೋಸ್ ಕಣಿವೆಯ ಆಚೆ ದಡದ ಮರಳುಗಲ್ಲಿನ ಗೋಡೆಗಳು ಜೇನಿನ ಬಣ್ಣಕ್ಕೆ ತಿರುಗುತ್ತವೆ. ಪೊರೆ ತೆಗೆಸಿಕೊಂಡ ಕಣ್ಣುಗಳಿಗೆ ಇದು ದೊಡ್ಡ ವ್ಯತ್ಯಾಸ. ಐದರ ಸುಮಾರಿಗೆ ಕತ್ತಲಾಗುತ್ತದೆ, ಆದ್ದರಿಂದ ನಾಲ್ಕಕ್ಕೆ ಜಾಗ ಖಾಲಿ ಮಾಡಲೇಬೇಕು.

ಇನ್ನು ಪ್ರಯಾಣ. ವ್ಯಾನ್ ಬಿಟ್ಟು ರೈಲು ಹಿಡಿದೆವು. ಪ್ಯಾರಮಾಟಾದಿಂದ ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ರೈಲು ಬಸ್ಸಿಗೆ ಬಳಸುವ ಓಪಲ್ ಕಾರ್ಡಿನಲ್ಲಿ ಆಗ ವಾರಾಂತ್ಯದ ದಿನದ ಗರಿಷ್ಠ ಮಿತಿ ಒಬ್ಬರಿಗೆ ಒಂಬತ್ತು ಡಾಲರ್ ಚಿಲ್ಲರೆ ಇತ್ತು. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಹಿರಿಯರ ರಿಯಾಯಿತಿಯ ಗೋಲ್ಡ್ ಕಾರ್ಡ್ ಸಿಗುವುದಿಲ್ಲ, ಆದರೂ ವ್ಯಾನಿನ ಮುಂದೆ ಇದು ಏನೂ ಅಲ್ಲ. ರೈಲಿನಲ್ಲೇ ಶೌಚಾಲಯ ಇದೆ, ಹಿರಿಯರಿಗೆ ಇದಕ್ಕಿಂತ ದೊಡ್ಡ ಸೌಕರ್ಯ ಇಲ್ಲ. ಬಾಗಿಲ ಹತ್ತಿರದ ಸೀಟು ಹಿಡಿದರೆ ಎರಡಂತಸ್ತಿನ ಡಬ್ಬಿಯೊಳಗಿನ ಮೆಟ್ಟಿಲಿನ ಕಾಟವೂ ಇಲ್ಲ. ಹಳಿ ರಿಪೇರಿಗೆ ರೈಲು ನಿಲ್ಲಿಸಿ ಬಸ್ಸು ಬಿಡುವ ವಾರಾಂತ್ಯಗಳನ್ನು ಮಾತ್ರ ಮೊದಲೇ ನೋಡಿಕೊಳ್ಳಿ.

ಒಂದು ಕಾರು ಮುಂಚೆಯೇ ಹೋಗಿರುತ್ತದೆ. ಅದು ಸ್ಟೇಷನ್ನಿನಿಂದ ಎಲ್ಲರನ್ನೂ ಎರಡು ಸಲ ಓಡಾಡಿ ರಾಷ್ಟ್ರೀಯ ಉದ್ಯಾನದ ಮಾಹಿತಿ ಕೇಂದ್ರವಾದ ಹೆರಿಟೇಜ್ ಸೆಂಟರಿಗೆ ಬಿಟ್ಟು, ತಾನು ಗೊವೆಟ್ಸ್ ಲೀಪ್ ಪಾರ್ಕಿಂಗಿಗೆ ಹೋಗಿ ಕಾಯುತ್ತದೆ. ನಡಿಗೆ ಒಂದೇ ಮುಖ, ವಾಪಸ್ ನಡೆಯುವ ಮಾತಿಲ್ಲ. ನಮ್ಮ ಯಶಸ್ಸಿನ ಅರ್ಧ ಇದರಲ್ಲೇ ಇದೆ. ಸೆಂಟರಿನಿಂದ ಗೊವೆಟ್ಸ್ ಲೀಪ್‌ವರೆಗಿನ ಫೇರ್‌ಫ್ಯಾಕ್ಸ್ ಹೆರಿಟೇಜ್ ದಾರಿ ಎರಡು ಕಿಲೋಮೀಟರ್ ಒಳಗೇ ಮುಗಿಯುತ್ತದೆ. ಜಾರ್ಜ್ ಫಿಲಿಪ್ಸ್ ಲುಕೌಟ್‌ವರೆಗಿನ ಭಾಗ ಗಾಲಿಕುರ್ಚಿಯೂ ಹೋಗುವಂಥದ್ದು. ಯುವಕರು ಅರ್ಧ ಗಂಟೆಯಲ್ಲಿ ಮುಗಿಸುವುದಕ್ಕೆ ನಾವು ಒಂದೂಮುಕ್ಕಾಲು ಗಂಟೆ ತೆಗೆದುಕೊಂಡೆವು, ಬೇಕೆಂದೇ.

ಕೂರುವ ವ್ಯವಸ್ಥೆ ಬಗ್ಗೆ ಬಹಳ ಪ್ರಯೋಗ ಮಾಡಿದ್ದೇನೆ. ಟ್ರೆಕ್ಕಿಂಗ್ ಕೋಲುಗಳಿಗೆ ನೂರು ಡಾಲರ್ ಮೇಲೆ ಸುರಿದೆ, ಯಾರೂ ಮುಟ್ಟಲಿಲ್ಲ. ಎರಡೂ ಕೈಯಲ್ಲಿ ಕೋಲು ಹಿಡಿದರೆ ಸೆರಗು ಹಿಡಿಯುವುದು ಹೇಗೆ ಎಂದು ಅಮ್ಮ ಕೇಳಿದ್ದರಲ್ಲಿ ನ್ಯಾಯ ಇತ್ತು. ನಮ್ಮಪ್ಪನ ಉದ್ದನೆಯ ಕೊಡೆ ಅವಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ನಿಜವಾಗಿ ಗೆದ್ದದ್ದು ಇಪ್ಪತ್ತು ಡಾಲರಿನ ಮಡಚುವ ಸ್ಟೂಲು. ಮೂರು ಸ್ಟೂಲು ಹೊತ್ತು ಒಬ್ಬ ಹುಡುಗ ಮುಂದೆ ಹೋಗುತ್ತಾನೆ, ಹತ್ತು ನಿಮಿಷಕ್ಕೊಮ್ಮೆ ಹಾಕುತ್ತಾನೆ. ಸುಸ್ತಾದ ಮೇಲೆ ಕೂರಿಸಿದರೆ ಏಳುವುದಿಲ್ಲ, ಸುಸ್ತಾಗುವ ಮೊದಲೇ ಕೂರಿಸಬೇಕು. ಸೀರೆ ಉಟ್ಟವರು ಶೂ ಹಾಕಲು ಒಪ್ಪಿದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಅದು ನನಗೂ ನನ್ನ ಹೆಂಡತಿಗೂ ಮಾತ್ರ ಗೊತ್ತಿರುವ ಉಪಾಯ.

ಪ್ರತಿ ಸ್ಟೂಲಿಗೂ ಒಂದು ವಿಷಯ ಇಟ್ಟುಕೊಂಡಿದ್ದೆ. ಒಂದು ಕಡೆ ಬ್ಯಾಂಕ್ಸಿಯಾ ಗಿಡದ ಕಾಯಿ, ಇನ್ನೊಂದು ಕಡೆ ತೊಗಟೆ ಮೇಲೆ ಮಗು ಗೀಚಿದಂತಿರುವ ಸ್ಕ್ರಿಬ್ಲಿ ಗಮ್ ಮರ. ಆ ಗೆರೆ ಒಂದು ಪತಂಗದ ಮರಿಹುಳು ತೊಗಟೆಯೊಳಗೆ ಕೊರೆದ ದಾರಿ. 1836ರ ಜನವರಿಯಲ್ಲಿ ಚಾರ್ಲ್ಸ್ ಡಾರ್ವಿನ್ ಇದೇ ಗೊವೆಟ್ಸ್ ಲೀಪ್‌ಗೆ ಬಂದಿದ್ದ ಎಂದಾಗ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ಸ್ಟೂಲು ಬಿಟ್ಟು ಎದ್ದೇಬಿಟ್ಟರು. ಅವರೆಲ್ಲರಿಗೂ ಹೆಚ್ಚು ಹಿಡಿಸಿದ್ದು ಕಣಿವೆಯೊಳಗಿನ ಬ್ಲೂ ಗಮ್ ಕಾಡಿನ ಕತೆ. ಮರ ಕಡಿದು ವಾಲ್‌ನಟ್ ತೋಟ ಮಾಡಲು ಹೊರಟಿದ್ದವನ ಗುತ್ತಿಗೆಯನ್ನು ನಡಿಗೆಯ ಸಂಘದವರೇ 130 ಪೌಂಡಿಗೆ ಬಿಡಿಸಿಕೊಂಡರು, 1932ರಲ್ಲಿ ಕಾಡು ಉಳಿಯಿತು. ಆರ್ಥಿಕ ಕುಸಿತದ ಆ ಕಾಲದಲ್ಲಿ ಅಷ್ಟು ದುಡ್ಡು ಕೂಡಿಸಿದ್ದಾರೆ. ಹೀಗೆ ಕಾಡು ಕಾದವರ ಹೆಸರಿನಲ್ಲಿ ಕೈ ಮುಗಿಯಬೇಕು ಎಂದರು ಶಿರಸಿಯ ಅಜ್ಜಿ.

ಕಾಫಿಯ ಪ್ರಯೋಗ: ಬೆರೆಸಿ ತಂದ ಕಾಫಿ ಫ್ಲಾಸ್ಕಿನಲ್ಲಿ ರುಚಿ ಕೆಡುತ್ತದೆ. ಡಿಕಾಕ್ಷನ್ ಬೇರೆ, ಕುದಿ ಹಾಲು ಬೇರೆ ಫ್ಲಾಸ್ಕಿನಲ್ಲಿ ತಂದರೆ ಎಂಟೊಂಬತ್ತು ಡಿಗ್ರಿ ಚಳಿಯಲ್ಲೂ ಹಬೆಯಾಡುತ್ತದೆ. ಊಟಕ್ಕೆ ಚಿತ್ರಾನ್ನ ತಣ್ಣಗಾಗಿ ಗಟ್ಟಿಯಾಯಿತು. ಮೆಂತ್ಯ ಚಪಾತಿಗೆ ಶೇಂಗಾ ಚಟ್ನಿಪುಡಿ, ತುಪ್ಪ ಸವರಿ ಸುತ್ತಿಕೊಟ್ಟದ್ದು ನಿಂತಲ್ಲೇ ಖಾಲಿ.

ರೈಲು, ಕಾರಿನ ಪೆಟ್ರೋಲ್, ತಿಂಡಿ ಸೇರಿ ತಲೆಗೆ ಹದಿನೈದು ಡಾಲರ್ ಒಳಗೇ ಮುಗಿಯಿತು. ಸ್ಟೂಲಿನ ದುಡ್ಡು ಬೇರೆ, ಅವು ಮುಂದಿನ ವರ್ಷಕ್ಕೂ ಆದವು. ಹತ್ತಿರದ ಇನ್ನೊಂದು ಲುಕೌಟ್ ಪುಲ್ಪಿಟ್ ರಾಕ್ ಕಡೆ ಮೆಟ್ಟಿಲು ಜಾಸ್ತಿ, ಅಲ್ಲಿಗೆ ಹಿರಿಯರನ್ನು ಒಯ್ಯುವುದು ಇನ್ನೂ ಆಗಿಲ್ಲ. ಈ ಜೂನ್‌ನಲ್ಲಿ ನಾನೊಬ್ಬನೇ ಸ್ಟೂಲು ಹಿಡಿದು ಹೋಗಿ ಮೆಟ್ಟಿಲ ಎತ್ತರ ಅಳೆದು ಬರುತ್ತೇನೆ.