ಅಮೆರಿಕದಲ್ಲಿ ವಿಶೇಷ ಅಳತೆಯ ಗುಂಡುಗಳ ಸಣ್ಣ ಉದ್ಯಮ: ಆರಂಭಿಸುವವರಿಗೆ ಮಾರ್ಗದರ್ಶಿ

ಅಮೆರಿಕದ ಬೇಟೆಗಾರರಲ್ಲೂ ಗುರಿಕಾರರಲ್ಲೂ ಹಲವರು ತೋಟಾಗಳನ್ನು ತಾವೇ ಸಿದ್ಧಪಡಿಸಿಕೊಳ್ಳುತ್ತಾರೆ. ತೋಟಾದ ತುದಿಯಲ್ಲಿ ಕೂರುವ ಗುಂಡನ್ನಷ್ಟೇ ತಯಾರಿಸಿ ಅವರಿಗೆ ಮಾರುವ ಸಣ್ಣ ಕಾರ್ಯಾಗಾರಗಳಿಗೆ ಈ ಹವ್ಯಾಸವೇ ಆಧಾರ. ಜಾಯ್ಸ್ ಹಾರ್ನಡಿ 1949ರಲ್ಲಿ ನೆಬ್ರಾಸ್ಕದ ಗ್ರ್ಯಾಂಡ್ ಐಲೆಂಡ್‌ನಲ್ಲಿ ಆರಂಭಿಸಿದ ಉದ್ಯಮ ಇಂದು ದೊಡ್ಡ ಕಾರ್ಖಾನೆಯಾಗಿದೆ. ಅಂಥವುಗಳೊಂದಿಗೆ ಬೆಲೆಯಲ್ಲಿ ಪೈಪೋಟಿಗಿಳಿಯುವುದು ವ್ಯರ್ಥ. ಮಾರ್ಟಿನಿ-ಹೆನ್ರಿಯಂಥ ಹಳೆಯ ರೈಫಲ್‌ಗಳಿಗೆ ಬೇಕಾದ, ದೊಡ್ಡ ಕಂಪನಿಗಳಿಗೆ ಅಷ್ಟಾಗಿ ಲಾಭ ತರದ ಅಳತೆಗಳಲ್ಲಿಯೇ ಸಣ್ಣವರಿಗೆ ಜಾಗವಿದೆ.

ಯಂತ್ರ ಕೊಳ್ಳುವ ಮೊದಲು ಪರವಾನಗಿಯ ಕೆಲಸ ಮುಗಿಯಬೇಕು. ಅಮೆರಿಕದ ಒಕ್ಕೂಟ ಕಾನೂನು ಬಿಡಿ ಗುಂಡನ್ನೂ ಮದ್ದುಗುಂಡೆಂದೇ ಪರಿಗಣಿಸುವುದರಿಂದ, ಮಾರಾಟಕ್ಕಾಗಿ ತಯಾರಿಸುವವರು ಬಂದೂಕು, ಸ್ಫೋಟಕಗಳ ಮೇಲ್ವಿಚಾರಣೆಯ ಒಕ್ಕೂಟ ಸಂಸ್ಥೆಯಾದ ಎಟಿಎಫ್ ನೀಡುವ ಆರನೆಯ ವರ್ಗದ ಪರವಾನಗಿಯನ್ನು ಪಡೆಯಬೇಕು. ಮೂರು ವರ್ಷಕ್ಕೆ ಅದರ ಶುಲ್ಕ 30 ಡಾಲರ್. ಶುಲ್ಕ ಚಿಕ್ಕದಾದರೂ, ಮನೆಯ ಗ್ಯಾರೇಜಿನಲ್ಲಿ ಇಂಥ ಉದ್ಯಮಕ್ಕೆ ಸ್ಥಳೀಯ ಆಡಳಿತದ ವಲಯ ನಿಯಮಗಳು ಒಪ್ಪುತ್ತವೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಮೇಲು. ಉತ್ಪನ್ನದಿಂದಾಗುವ ಹಾನಿಗೆ ಪ್ರತ್ಯೇಕ ವಿಮೆಯನ್ನೂ ಮಾಡಿಸಬೇಕು. ಭಾರತದಲ್ಲಿರುವ ಓದುಗರು ಇದನ್ನು ಅನುಸರಿಸಲಾಗದು: 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.

ಲೋಹದ ಆಯ್ಕೆಯೂ ಕಾನೂನಿನ ಪ್ರಶ್ನೆಯೇ. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡುಗಳನ್ನು ಪೂರ್ಣವಾಗಿ ನಿಷೇಧಿಸಿರುವುದರಿಂದ ಅಲ್ಲಿ ತಾಮ್ರದ ಗುಂಡುಗಳನ್ನು ಕೇಳುವವರಿದ್ದಾರೆ. ಆದರೆ ಲೇತ್ ಯಂತ್ರದಲ್ಲಿ ಕಡೆಯಲು ಸುಲಭವೆಂದು ಹಿತ್ತಾಳೆಯನ್ನು ಆರಿಸಿಕೊಳ್ಳುವವರು ಎಚ್ಚರವಹಿಸಬೇಕು. ಪಿಸ್ತೂಲಿನಂಥ ಕೈಬಂದೂಕಿನಲ್ಲಿಯೂ ಬಳಸಬಹುದಾದ, ಪೂರ್ತಿ ಹಿತ್ತಾಳೆ, ಕಂಚು ಅಥವಾ ಉಕ್ಕಿನ ಗುಂಡು ಕವಚಭೇದಕವೆಂಬ ವ್ಯಾಖ್ಯೆಯೊಳಗೆ ಬರುತ್ತದೆ, ಮತ್ತು ಅದರ ತಯಾರಿಕೆಗೆ ಕಟ್ಟುನಿಟ್ಟಾದ ಬೇರೆಯೇ ನಿಯಮಗಳಿವೆ.

ಸೀಸವನ್ನೇ ಬಳಸುವುದಾದರೆ ಕರಗಿಸಿ ಎರಕ ಹೊಯ್ಯಬಹುದು, ಅಥವಾ ತಣ್ಣಗಿರುವಾಗಲೇ ಪ್ರೆಸ್ಸಿನಲ್ಲಿ ಅಚ್ಚಿಗೆ ಒತ್ತಬಹುದು. ಎರಡನೆಯದರಲ್ಲಿ ಅಚ್ಚುಗಳ ವೆಚ್ಚ ಹೆಚ್ಚಾದರೂ ಕರಗಿದ ಸೀಸದ ಹೊಗೆಯ ಕಾಟವಿಲ್ಲವೆಂಬ ಕಾರಣಕ್ಕೆ ನಾನು ಅದನ್ನೇ ಸೂಚಿಸುತ್ತೇನೆ. ಕೆಲಸಗಾರರನ್ನು ಇಟ್ಟುಕೊಂಡರೆ ಎಂಟು ಗಂಟೆಗಳ ಸರಾಸರಿಯಲ್ಲಿ ಗಾಳಿಯ ಒಂದು ಘನ ಮೀಟರಿಗೆ 50 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸವಿರಬಾರದೆಂಬ ಒಕ್ಕೂಟ ಕಾನೂನಿನ ಮಿತಿ ಅನ್ವಯಿಸುತ್ತದೆ. ಒಬ್ಬರೇ ಇದ್ದರೂ ಕೆಲಸದ ಬಟ್ಟೆಯನ್ನು ಮನೆಯೊಳಗೆ ತರಬಾರದು, ನೆಲವನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು, ರಕ್ತದಲ್ಲಿನ ಸೀಸದ ಪ್ರಮಾಣವನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು.

ಗ್ರಾಹಕರು ಹೆಚ್ಚಿನ ಬೆಲೆ ಕೊಡುವುದು ಒಂದು ಗುಂಡಿಗೂ ಮತ್ತೊಂದಕ್ಕೂ ವ್ಯತ್ಯಾಸವಿಲ್ಲದಿರುವುದಕ್ಕೆ. ಆದುದರಿಂದ ತೂಕವನ್ನು ಗ್ರೇನ್ ಎಂಬ ಸಣ್ಣ ತೂಕಮಾನದ ಲೆಕ್ಕದಲ್ಲಿ, ವ್ಯಾಸವನ್ನು ಮೈಕ್ರೋಮೀಟರ್ ಉಪಕರಣದಿಂದ ಅಳೆದು, ಪ್ರತಿ ಪೆಟ್ಟಿಗೆಯ ಮೇಲೆ ತಯಾರಿಕೆಯ ಕಂತಿನ (ಬ್ಯಾಚ್) ಸಂಖ್ಯೆ ಬರೆದು, ಅದರ ದಾಖಲೆಯನ್ನು ಇಟ್ಟುಕೊಳ್ಳಬೇಕು. ಹಳೆಯ ರೈಫಲ್‌ಗಳ ನಳಿಗೆಯ ವ್ಯಾಸ ಹೆಸರಿಗೆ ಒಂದಾದರೆ ನಿಜದಲ್ಲಿ ಇನ್ನೊಂದಾಗಿರುವುದು ಸಾಮಾನ್ಯವಾದ ಕಾರಣ, ಖಾಲಿ ನಳಿಗೆಯಲ್ಲಿ ಮೆದು ಸೀಸದ ತುಂಡನ್ನು ತಳ್ಳಿ ಪಡೆದ ಅಳತೆಯನ್ನು ಗ್ರಾಹಕರಿಂದ ಬರಹದಲ್ಲಿ ತರಿಸಿಕೊಂಡು, ಮುಂಗಡ ಹಣ ಬಂದ ಮೇಲೆಯೇ ಅಚ್ಚಿಗೆ ಬೇಡಿಕೆ ಸಲ್ಲಿಸಬೇಕು.