ಹಾಲಿನ ಲೆಕ್ಕದ ಪಕ್ಕದಲ್ಲಿ ಇಂಟರ್ನಲ್ಸ್ ತಾರೀಕು

ಮಗನಿಗೆ ಮೊದಲ ಸೆಮಿಸ್ಟರ್ ಗಣಿತದಲ್ಲಿ ಬ್ಯಾಕ್ ಬಂತು, ಅಂದರೆ ಫೇಲಾಗಿ ಮತ್ತೆ ಬರೆಯಬೇಕಾಯಿತು. ಕೊನೆಯ ಪರೀಕ್ಷೆಯಲ್ಲಿ ನೂರಕ್ಕೆ 27. ಅವನು ಮೈಸೂರಿನಲ್ಲಿ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಾನೆ. ನಾನು ಅರಸೀಕೆರೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಓದಿದ್ದು ಪಿಯುಸಿ ಆರ್ಟ್ಸ್. ರಿಸಲ್ಟ್ ಬಂದ ದಿನ ಫೋನಿನಲ್ಲಿ ತುಂಬ ಬೈದೆ. ಅವನು ಸುಮ್ನೆ ಕೇಳಿಸಿಕೊಂಡ. ಆಮೇಲೆ ಎರಡು ವಾರ ಅವನಾಗಿ ಫೋನ್ ಮಾಡಲೇ ಇಲ್ಲ.

ಅದುವರೆಗೆ ನಾನು ದಿನಾ ಕೇಳುತ್ತಿದ್ದದ್ದು ಒಂದೇ ಮಾತು. "ಓದ್ತಿದ್ದೀಯಾ?" ಅವನ ಉತ್ತರವೂ ಒಂದೇ. "ಹೂಂ ಅಮ್ಮ." ಅಷ್ಟಕ್ಕೇ ನಾನು ನೆಮ್ಮದಿಯಾಗಿದ್ದೆ.

ಅಕ್ಕನ ಮಗಳು ಇಂಜಿನಿಯರಿಂಗ್ ಮುಗಿಸಿದ್ದಾಳೆ. ಅವಳು ಮನೆಗೆ ಬಂದಾಗ ಹತ್ತಿರ ಕೂರಿಸಿಕೊಂಡು ಕೇಳಿದೆ, ಈ ಮಾರ್ಕ್ಸ್ ಹೇಗೆ ಲೆಕ್ಕ ಆಗುತ್ತೆ ಹೇಳು ಅಂತ. "ಚಿಕ್ಕಮ್ಮ, ಇದನ್ನ ಯಾವ ಅಪ್ಪ ಅಮ್ಮನೂ ಕೇಳಲ್ಲ" ಅಂದಳು. ಪೇಪರ್ ತಗೊಂಡು ಬರೆದು ತೋರಿಸಿದಳು. ಒಂದು ಸಬ್ಜೆಕ್ಟ್‌ಗೆ ನೂರು ಅಂಕ. ಅದರಲ್ಲಿ 50 ಇಂಟರ್ನಲ್ಸ್, ಅಂದರೆ ಕಾಲೇಜಿನಲ್ಲೇ ಕೊಡುವ ಟೆಸ್ಟ್, ಅಸೈನ್‌ಮೆಂಟ್. ಇದರಲ್ಲಿ 20 ಬರದಿದ್ದರೆ ಕೊನೆಯ ಪರೀಕ್ಷೆಗೇ ಕೂರಿಸುವುದಿಲ್ಲ. ಕೊನೆಯ ಪರೀಕ್ಷೆ ನೂರಕ್ಕೆ ಬರೆದು 50ಕ್ಕೆ ಇಳಿಸುತ್ತಾರೆ. ಅಲ್ಲಿ ನೂರಕ್ಕೆ 35 ಬರಲೇಬೇಕು. ಎರಡೂ ಸೇರಿ 40 ಆಗಬೇಕು. ಪಠ್ಯದಲ್ಲಿ ಐದು ಮಾಡ್ಯೂಲ್, ಅಂದರೆ ಐದು ಭಾಗ. ಪ್ರತಿ ಮಾಡ್ಯೂಲಿನಿಂದ ಎರಡು ಪ್ರಶ್ನೆ, ಒಂದಕ್ಕೆ ಉತ್ತರ ಬರೆದರೆ ಸಾಕು, ಅದಕ್ಕೆ 20 ಅಂಕ.

ಆಮೇಲೆ ಹಾಜರಾತಿಯ ವಿಷಯ ಹೇಳಿದಳು. 85 ಪರ್ಸೆಂಟ್ ಇರಬೇಕು. ಒಂದು ಸಬ್ಜೆಕ್ಟ್‌ಗೆ 40 ಕ್ಲಾಸ್ ಅಂದುಕೊಂಡರೆ ತಪ್ಪಿಸಬಹುದಾದದ್ದು ಆರೇ ಆರು. ಒಂದು ಮಾಡ್ಯೂಲ್ ಎಂಟು ಕ್ಲಾಸಿನಲ್ಲಿ ಮುಗಿದುಹೋಗುತ್ತದೆ. ಇದನ್ನು ಕೇಳಿ ನನಗೆ ಎದೆ ಧಸಕ್ ಅಂತು. ಯಾಕೆಂದರೆ ಆ ಸೆಮಿಸ್ಟರಿನಲ್ಲಿ ಅವನನ್ನು ಊರಿಗೆ ಕರೆಸಿದ್ದೇ ನಾನು. ನಾದಿನಿ ಮನೆ ಗೃಹಪ್ರವೇಶಕ್ಕೆ ಒಂದು ಸಲ, ಜಾತ್ರೆಗೆ ಒಂದು ಸಲ, ಮಾವನವರ ತಿಥಿಗೆ ಒಂದು ಸಲ. "ಎರಡು ದಿನ ತಾನೇ, ಟ್ರೈನ್ ಹತ್ತಿ ಬಾ" ಅಂದಿದ್ದೆ. ಜಾತ್ರೆಗೆ ಬಂದವನು ನಾಲ್ಕು ದಿನ ಉಳಿದಿದ್ದ. ಅವನಿಗೆ ಬಿಟ್ಟುಹೋದ ಮಾಡ್ಯೂಲ್ ಯಾವುದು ಅಂತ ಆಮೇಲೆ ಕೇಳಿದೆ. ಲೀನಿಯರ್ ಆಲ್ಜೀಬ್ರಾ ಅಂದ. ಪರೀಕ್ಷೆಯಲ್ಲಿ ಆ 20 ಅಂಕದ ಪ್ರಶ್ನೆಯನ್ನು ಮುಟ್ಟಿಯೇ ಇರಲಿಲ್ಲ.

ಅವನಿಗೆ ಫೋನ್ ಮಾಡಿ "ಆ ಸಲ ನಿನ್ನನ್ನ ಕರೆಸಿದ್ದು ನನ್ನ ತಪ್ಪು ಮಗ" ಅಂದೆ. ಅವನು ಅತ್ತ. ಅವತ್ತಿನಿಂದ ನಮ್ಮ ಮಾತು ಬೇರೆ ಆಯಿತು.

ಎರಡನೇ ಸೆಮಿಸ್ಟರ್ ಆಗಲೇ ಶುರುವಾಗಿತ್ತು. ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ನಾನು ಹಾಲಿನ ಲೆಕ್ಕ ಬರೆಯುತ್ತೇನೆ. ಅದರ ಪಕ್ಕದಲ್ಲೇ ಅವನ ಇಂಟರ್ನಲ್ಸ್ ತಾರೀಕು, ಅಸೈನ್‌ಮೆಂಟ್ ಕೊಡುವ ದಿನ, ಬ್ಯಾಕ್ ಪರೀಕ್ಷೆಯ ದಿನ ಕೆಂಪು ಪೆನ್ನಿನಲ್ಲಿ ಬರೆದೆ. ಭಾನುವಾರ ಸಂಜೆ ಮಾತ್ರ ಓದಿನ ಮಾತು, ಉಳಿದ ದಿನ ಊಟ, ನಿದ್ದೆ, ಗೆಳೆಯರು ಅಷ್ಟೇ ಅಂತ ಇಬ್ಬರೂ ಒಪ್ಪಿಕೊಂಡೆವು. ಮಾರ್ಕ್ಸ್ ಎಷ್ಟು ಅಂತ ನಾನು ಕೇಳುವುದಿಲ್ಲ. ಈ ವಾರ ಯಾವ ಮಾಡ್ಯೂಲ್ ನಡೀತು, ಯಾವುದು ಅರ್ಥ ಆಗಲಿಲ್ಲ, ಅದನ್ನ ಯಾರ ಹತ್ರ ಕೇಳ್ತೀಯ, ಇಷ್ಟೇ ಕೇಳುತ್ತೇನೆ. ಕೊನೆಯದಕ್ಕೆ ಅವನು ಬಹಳ ದಿನ ಉತ್ತರವನ್ನೇ ಕೊಡಲಿಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಕ್ಲಾಸಿನಲ್ಲಿ ಎದ್ದು ಇಂಗ್ಲಿಷಿನಲ್ಲಿ ಡೌಟ್ ಕೇಳಲು ನಾಚಿಕೆ. ತಪ್ಪು ಮಾತಾಡಿದರೆ ನಗುತ್ತಾರೆ ಅನ್ನುವ ಭಯ.

ಒಂದು ಭಾನುವಾರ "ನನಗೇ ಕನ್ನಡದಲ್ಲಿ ಹೇಳು" ಅಂದೆ. ರ‍್ಯಾಂಕ್ ಅನ್ನುವ, ಅದೇ ಲೀನಿಯರ್ ಆಲ್ಜೀಬ್ರಾದ ಪಾಠ. ಸ್ವಲ್ಪ ತಡವರಿಸಿ ಆಮೇಲೆ ಹೇಳಿದ: "ಅಮ್ಮ, ಒಬ್ಬರು ಎರಡು ಬ್ಲೌಸ್, ಒಂದು ಲಂಗ ಹೊಲಿಸಿ ದುಡ್ಡು ಕೊಟ್ರು. ಇನ್ನೊಬ್ಬರು ಒಂದು ಬ್ಲೌಸ್, ಮೂರು ಲಂಗ. ಈ ಎರಡು ಚೀಟಿ ಇದ್ರೆ ಬ್ಲೌಸಿಗೆಷ್ಟು, ಲಂಗಕ್ಕೆಷ್ಟು ಅಂತ ಗೊತ್ತಾಗುತ್ತೆ. ಮೂರನೇ ಚೀಟಿ ಮೊದಲನೇದರ ಡಬಲ್ ಆಗಿದ್ರೆ ಅದು ಹೊಸದಾಗಿ ಏನೂ ಹೇಳಲ್ಲ. ಚೀಟಿ ಮೂರಿದ್ರೂ ರ‍್ಯಾಂಕ್ ಎರಡೇ." ನನಗೆ ಅರ್ಥವಾಯಿತು. ಅವನ ದನಿಯಲ್ಲಿ ಬಂದ ಗಟ್ಟಿತನ ನನಗೆ ಇನ್ನೂ ಕಿವಿಯಲ್ಲಿದೆ. ಅಲ್ಲಿಂದ ಪ್ರತಿ ವಾರ ಒಂದು ಪಾಠ ನನಗೆ ಹೇಳುತ್ತಾನೆ. ಎಲ್ಲವೂ ನನಗೆ ತಿಳಿಯುವುದಿಲ್ಲ. ಆದರೆ ಎಲ್ಲಿ ಅವನ ಮಾತು ನಿಲ್ಲುತ್ತದೋ ಅಲ್ಲೇ ಅವನಿಗೂ ಡೌಟ್ ಇದೆ ಅಂತ ಇಬ್ಬರಿಗೂ ಗೊತ್ತಾಗುತ್ತದೆ. ಆ ಜಾಗವನ್ನು ಅವನು ನೋಟ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತಾನೆ.

ಅವನ ಮೆಂಟರ್ ಮೇಡಂ ಜೊತೆ ಒಂದೇ ಸಲ ಮಾತಾಡಿದ್ದೇನೆ, ಅದೂ ಅವನಿಗೆ ಮೊದಲೇ ಹೇಳಿ. ಅವನಿಗೆ ತಿಳಿಸದೆ ಮಾಡಿದ್ದರೆ ನಂಬಿಕೆ ಹೋಗುತ್ತಿತ್ತು. ಕ್ಲಾಸ್ ಮುಗಿದ ಮೇಲೆ ಸ್ಟಾಫ್ ರೂಮಿಗೆ ಬಂದು ಕನ್ನಡದಲ್ಲೇ ಕೇಳಲಿ, ತೊಂದರೆ ಇಲ್ಲ ಅಂದರು. ಮೊದಲ ಸಲ ಗೆಳೆಯನನ್ನು ಜೊತೆಗೆ ಕರೆದುಕೊಂಡು ಹೋದನಂತೆ. ಈಗ ಒಬ್ಬನೇ ಹೋಗುತ್ತಾನೆ. ಬ್ಯಾಕ್ ಪರೀಕ್ಷೆಗೆ ಇನ್ನೊಂದು ತಿಂಗಳು ಇದೆ ಅನ್ನುವಾಗ ಹಳೆಯ ಪ್ರಶ್ನೆಪತ್ರಿಕೆ ತಗೊಂಡು, ಮೂರು ಗಂಟೆ ಫೋನ್ ಪಕ್ಕಕ್ಕಿಟ್ಟು ಬರೆದು ಅಭ್ಯಾಸ ಮಾಡಿದ.

ಗಣಿತ ಪಾಸಾಯಿತು, 51 ಬಂತು. ಎರಡನೇ ಸೆಮಿಸ್ಟರಿನಲ್ಲಿ ಹೊಸ ಬ್ಯಾಕ್ ಇಲ್ಲ. ಒಂದು ಸಬ್ಜೆಕ್ಟ್‌ನಲ್ಲಿ ಕೊನೆಯ ಪರೀಕ್ಷೆಗೆ ನೂರಕ್ಕೆ 36 ಬಂದು ದಡ ಮುಟ್ಟಿದ. ಅದರ ಬಗ್ಗೆ ಇನ್ನೂ ಮಾತಾಡುತ್ತಿದ್ದೇವೆ.

ಈ ಸಲ ಗೌರಿ ಹಬ್ಬದ ವಾರದಲ್ಲೇ ಇಂಟರ್ನಲ್ಸ್ ಇತ್ತು. "ಬರಬೇಡ ಕಂದ" ಅಂದೆ. ಹಾಗನ್ನಲು ನನಗೆ ಕಷ್ಟವಾಯಿತು. ಪಕ್ಕದ ಮನೆಯವರು ಬೆಳಿಗ್ಗೆ ಟ್ರೈನಿಗೆ ಮೈಸೂರಿಗೆ ಹೊರಟಿದ್ದರು. ಸಿಹಿ ಕಡುಬು, ಖಾರದ ಕಡುಬು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಅವರ ಕೈಲಿ ಕಳಿಸಿದೆ. ರೂಮಿನವರೆಲ್ಲ ಹಂಚಿಕೊಂಡು ತಿಂದರಂತೆ. ರಾತ್ರಿ ಫೋನ್ ಮಾಡಿದವನು ಕಡುಬಿನ ಮಾತು ಮುಗಿಸಿ, "ಅಮ್ಮ, ಎರಡನೇ ಮಾಡ್ಯೂಲ್ ಮುಗೀತು, ಬರ್ಕೋ" ಅಂದ.