ಅಡುಗೆಮನೆಯ ಸಿಂಕಿನಲ್ಲಿ ಒಂದು ಕ್ಷಿತಿಜ

ಕಪ್ಪುಕುಳಿಯನ್ನು ವಿವರಿಸಲು ನಾನು ವರ್ಷಗಟ್ಟಲೆ ರಬ್ಬರ್ ಹಾಳೆಯ ನಡುವೆ ಕಬ್ಬಿಣದ ಗುಂಡು ಇಡುತ್ತಿದ್ದೆ. ಹಾಳೆ ತಗ್ಗುತ್ತದೆ, ಗೋಲಿ ಅತ್ತ ಉರುಳುತ್ತದೆ, ಮಕ್ಕಳು ತಲೆಯಾಡಿಸುತ್ತಾರೆ. ರಜೆಗೆಂದು ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದ ತಂಗಿಯ ಮಗಳು ಮಾತ್ರ ಒಪ್ಪಲಿಲ್ಲ. "ಮಾವ, ಗೋಲಿ ಉರುಳಿದ್ದು ಭೂಮಿ ಎಳೆದದ್ದರಿಂದ ತಾನೆ? ಗುರುತ್ವವನ್ನು ವಿವರಿಸಲು ಗುರುತ್ವವನ್ನೇ ಬಳಸಿಕೊಂಡಿರಲ್ಲ!" ಎಂದಳು. ಕಾಲೇಜಿನಲ್ಲಿ ಸಾಂದ್ರ ದ್ರವ್ಯ ಭೌತವಿಜ್ಞಾನ, ಅಂದರೆ ಘನ ಮತ್ತು ದ್ರವ ವಸ್ತುಗಳ ಭೌತವಿಜ್ಞಾನ, ಪಾಠ ಮಾಡಿದವನಿಗೆ ಚುರುಕ್ಕೆಂದಿತು. ಹಾಳೆ ಅಟ್ಟ ಸೇರಿತು.

ಅದಕ್ಕಿಂತ ಪ್ರಾಮಾಣಿಕವಾದ ಮಾದರಿ ನಮ್ಮ ವಿಷಯದಲ್ಲೇ ಇತ್ತು. ಹರಿಯುವ ದ್ರವದಲ್ಲಿ ಶಬ್ದ ಸಾಗುವ ಬಗೆಗೂ ಬಾಗಿದ ದೇಶಕಾಲದಲ್ಲಿ ತರಂಗ ಸಾಗುವ ಬಗೆಗೂ ಒಂದೇ ಸಮೀಕರಣ ಎಂದು ಭೌತವಿಜ್ಞಾನಿ ವಿಲಿಯಂ ಉನ್ರೂ 1981ರಲ್ಲಿ ತೋರಿಸಿದರು. ಕಪ್ಪುಕುಳಿಯ ಕ್ಷಿತಿಜವೆಂದರೆ ದಾಟಿದ ಬೆಳಕೂ ಮರಳಿ ಬಾರದ ಗಡಿ; ದ್ರವದಲ್ಲಿ ಹರಿವಿನ ವೇಗ ತರಂಗದ ವೇಗವನ್ನು ಮೀರುವ ಗಡಿಯೇ ಕ್ಷಿತಿಜ. ಶಬ್ದದ ಬದಲು ನೀರ ಮೇಲಿನ ಅಲೆಗೆ ಅಂಥ ಗಡಿ ಪಾತ್ರೆ ತೊಳೆಯುವಲ್ಲಿ ದಿನವೂ ಕಾಣುತ್ತದೆ: ನಲ್ಲಿಯ ನೀರು ಬಿದ್ದಲ್ಲಿ ತೆಳ್ಳಗೆ ಹರಡಿ, ಒಂದು ಉಂಗುರದಾಚೆ ದಪ್ಪವಾಗುತ್ತದಲ್ಲ, ಅದು.

ಮೊದಲೆರಡು ದಿನ ಕೆಲಸ ಕೆಟ್ಟಿತು. ಸಿಂಕಿನ ತಳ ಇಳಿಜಾರಾದ್ದರಿಂದ ಉಂಗುರ ಮೊಟ್ಟೆಯಾಕಾರಕ್ಕೆ ತಿರುಗುತ್ತಿತ್ತು. ನಲ್ಲಿಯ ಬಾಯಿಯ ಜಾಲರಿಯಿಂದಾಗಿ ನೀರಿನಲ್ಲಿ ಗುಳ್ಳೆ. ಜಾಲರಿ ಬಿಚ್ಚಿ, ಮಟ್ಟಸ ತಳದ ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿ, ಅಡಿಗೆ ಮಡಚಿದ ಕಾಗದ ಕೊಟ್ಟು ಸಮ ಮಾಡಿದ ಮೇಲೆ ದುಂಡನೆಯ ಉಂಗುರ ನಿಂತಿತು. ಒಂದು ಲೀಟರ್ ತುಂಬಲು 20 ಸೆಕೆಂಡ್ ಹಿಡಿಯುವಷ್ಟು ನಲ್ಲಿ ತಿರುಗಿಸಿದ್ದೆ.

ಆಮೇಲೆ ಹಿಡಿಸೂಡಿಯ ಕಡ್ಡಿ. ಅದರ ತುದಿಯನ್ನು ಉಂಗುರದೊಳಗೆ, ಧಾರೆಯ ಹತ್ತಿರ ತಾಗಿಸಿದಾಗ ಹಿಂದೆ ಇಕ್ಕಳದಂತೆ ಕಿರಿದಾದ ಎರಡು ಗೆರೆಗಳು ಮೂಡಿದವು. ಹರಿವು ಅಲೆಯನ್ನು ಹೊರಕ್ಕೆ ದೂಡಿಕೊಂಡು ಹೋಗುತ್ತಿದೆ ಎಂಬುದಕ್ಕೆ ಆ ಗೆರೆಗಳೇ ಸಾಕ್ಷಿ. ಕಡ್ಡಿಯನ್ನು ಮೆಲ್ಲನೆ ಹೊರಕ್ಕೆ ಸರಿಸಿದಂತೆ ಇಕ್ಕಳ ಬಾಯಿ ತೆರೆಯುತ್ತಾ ಹೋಯಿತು. ಉಂಗುರದ ಅಂಚಿನಲ್ಲಿ ಬಹುಮಟ್ಟಿಗೆ ನೇರ ಗೆರೆಯೇ ಆಯಿತು. ಅಂಚು ದಾಟಿದ್ದೇ ಇಕ್ಕಳ ಮಾಯ, ಅಲೆಗಳು ಸುತ್ತಲೂ ಹರಡಿದವು. ಹುಡುಗಿ ನನ್ನ ಕೈಯಿಂದ ಕಡ್ಡಿ ಕಸಿದುಕೊಂಡು ಐದಾರು ಸಲ ಒಳಗೆ ಹೊರಗೆ ಆಡಿಸಿದಳು. ಹೊರಗಿನ ನೀರು ಸುಮಾರು 3 ಮಿಲಿಮೀಟರ್ ಆಳ. ಅಷ್ಟು ಆಳದಲ್ಲಿ ಉದ್ದನೆಯ ಅಲೆಗೆ ಸೆಕೆಂಡಿಗೆ 17 ಸೆಂಟಿಮೀಟರ್ ವೇಗ. ಒಳಗಿನ ಪದರದ ಓಟದೆದುರು ಅದರ ಆಟ ನಡೆಯದು.

ಒಂದು ಮಾತು ಸ್ಪಷ್ಟವಿರಲಿ, ಇದು ಕಪ್ಪುಕುಳಿಯಲ್ಲ, ಬಿಳಿಕುಳಿ. ಹೊರಗಿನ ಅಲೆ ಒಳಹೋಗಲಾರದು. ಕಾಲವನ್ನು ಹಿಂದುಮುಂದಾಗಿಸಿದರೆ ಕಪ್ಪುಕುಳಿ. ಫ್ರಾನ್ಸಿನ ನೀಸ್ ನಗರದಲ್ಲಿ ಸಿಲಿಕೋನ್ ಎಣ್ಣೆ ಬಳಸಿ ಇದೇ ಇಕ್ಕಳದ ಕೋನವನ್ನು ಅಳೆದಿದ್ದಾರೆ. ನೀರಿನಲ್ಲಿ ತೊಂದರೆಯಿದೆ: ಮೇಲ್ಮೈ ಎಳೆತದಿಂದಾಗಿ ಬಲು ಸಣ್ಣ ಅಲೆಗಳು ಉದ್ದನೆಯವಕ್ಕಿಂತ ಜೋರಾಗಿ ಓಡುತ್ತವೆ. ಕಡ್ಡಿಯ ಮುಂದೆ, ಹರಿವಿಗೆ ಎದುರಾಗಿ, ಕೂದಲೆಳೆಯಂಥ ಅಲೆಗಳು ನಿಂತದ್ದನ್ನು ಅವಳೇ ಮೊದಲು ಕಂಡಳು. "ಇವು ಕಳ್ಳದಾರಿ ಹಿಡಿದವು!"

ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ಕಪ್ಪುಕುಳಿಯೂ ಮಂದವಾಗಿ ವಿಕಿರಣ ಸೂಸುತ್ತದೆ ಎಂದು ಸ್ಟೀಫನ್ ಹಾಕಿಂಗ್ ಲೆಕ್ಕ ಹಾಕಿದ್ದರು. ಆ ಲೆಕ್ಕವನ್ನು ಕಾಲದಲ್ಲಿ ಹಿಂದಕ್ಕೆ ಎಳೆಯುತ್ತಾ ಹೋದರೆ ತರಂಗಗಳು ಮಿತಿಯೇ ಇಲ್ಲದಷ್ಟು ಕಿರಿದಾಗಬೇಕಾಗುತ್ತದೆ. ಅಷ್ಟು ಕಿರಿದಾದಲ್ಲಿ ನಮಗೆ ಗೊತ್ತಿರುವ ನಿಯಮ ಉಳಿದೀತೇ? ದ್ರವದಲ್ಲಿ ಹಾಗೆ ಎಳೆದರೆ ಕೊನೆಗೆ ಅಣುಗಳೇ ಎದುರಾಗುತ್ತವೆ, ನಿಯಮ ಮುರಿಯುತ್ತದೆ. ಮುರಿದರೂ ವಿಕಿರಣ ಉಳಿಯುತ್ತದೆ ಎಂದು ಉನ್ರೂ 1995ರಲ್ಲಿ ಗಣಕದ ಲೆಕ್ಕದಿಂದ ತೋರಿಸಿದರು. ಆಕಾಶದಲ್ಲಿ ಅದನ್ನು ನೋಡುವ ಮಾತು ದೂರ: ಸೂರ್ಯನಷ್ಟು ತೂಕದ ಕಪ್ಪುಕುಳಿಯ ತಾಪ 0.00000006 ಕೆಲ್ವಿನ್, ಸುತ್ತಲಿನ ವಿಶ್ವದ್ದು 2.7; ಅದರೆದುರು ಇದು ಮುಳುಗಿಹೋಗುತ್ತದೆ. ಅದಕ್ಕೇ ಇಸ್ರೇಲಿನ ಹೈಫಾದ ಭೌತವಿಜ್ಞಾನಿ ಜೆಫ್ ಸ್ಟೈನ್‌ಹಾವರ್ ಅತಿಶೀತ ರುಬಿಡಿಯಂ ಪರಮಾಣುಗಳ ಹರಿವಿನಲ್ಲಿ ಶಬ್ದದ ಕ್ಷಿತಿಜ ಕಟ್ಟಿ ಅಂಥ ವಿಕಿರಣವನ್ನು ಹುಡುಕಿದರು. ಕಂಡದ್ದನ್ನು 2016 ಮತ್ತು 2019ರಲ್ಲಿ ವರದಿ ಮಾಡಿದರು.

"ಹಾಗಾದರೆ ತಟ್ಟೆಯಲ್ಲಿ ಐನ್‌ಸ್ಟೈನ್ ಇದ್ದಾನೆಯೇ?" ಎಂದು ಕೇಳಿದಳು. ಇಲ್ಲ. ಅಲೆ ಹೇಗೆ ಸಾಗುತ್ತದೆ ಎಂಬಷ್ಟೇ ಹೋಲಿಕೆ. ದೇಶಕಾಲ ಹೇಗೆ ಬಾಗಬೇಕೆಂದು ಐನ್‌ಸ್ಟೈನ್ ಸಮೀಕರಣ ಹೇಳುತ್ತದೆ. ನೀರು ಹೇಗೆ ಹರಿಯಬೇಕೆಂದು ಹೇಳುವುದು ದ್ರವದ ನಿಯಮ.

ಅಷ್ಟರಲ್ಲಿ ಕೆಳಮನೆಯವರು ನಲ್ಲಿ ತಿರುಗಿಸಿರಬೇಕು, ನಮ್ಮ ಉಂಗುರ ಸರ್ರನೆ ಕುಗ್ಗಿತು. ನಾಳೆ ಎಣ್ಣೆಯಲ್ಲಿ ಮಾಡೋಣ ಎಂದು ನಾವು ತೆಂಗಿನೆಣ್ಣೆಯ ಡಬ್ಬದತ್ತ ನೋಡಿದೆವು. ಅಮ್ಮ ಅದನ್ನು ಎತ್ತಿ ಕಪಾಟಿನೊಳಗಿಟ್ಟು ಬೀಗ ಹಾಕಿದರು.